ಮಂಡಿ ನೋವಿನ ಹೆಜ್ಜೆ

ಮಕ್ಕಳೇ, ೨೦೨೨ರಲ್ಲಿ ನಾನು ಕೊಪ್ಪದಲ್ಲಿ ನಿಮ್ಮಜ್ಜನ ದೊಣ್ಣೆವರಸೆ ತರಗತಿಯ ಫೋನ್ ಕೆಲಸ ನೋಡಿಕೊಳ್ಳುತ್ತಿದ್ದೆ. ಅಜ್ಜ ತೀರಿಹೋಗಿ ವರ್ಷವಾಗಿತ್ತು. ಆಳೆತ್ತರದ ಬಿದಿರು ದೊಣ್ಣೆಯಿಂದ ಹೊಡೆಯುವುದನ್ನೂ ತಡೆಯುವುದನ್ನೂ ಒಂದು ಕ್ರಮದಲ್ಲಿ ಕಲಿಸುವ ವಿದ್ಯೆ ಇದು. ಆ ಒಂದೊಂದು ಕ್ರಮಕ್ಕೂ ವರಸೆ ಎನ್ನುತ್ತಾರೆ. ಲಾಕ್‌ಡೌನಿನಲ್ಲಿ ಅಂಗಳಕ್ಕೆ ಯಾರೂ ಬರುವ ಹಾಗಿಲ್ಲದಾಗ ಅಜ್ಜ ವರಸೆಗಳ ವಿಡಿಯೋ ಮಾಡಿ ದೂರದೂರಿನವರಿಗೆ ಕಳಿಸತೊಡಗಿದರು. ಫೋನ್ ಹಿಡಿಯುತ್ತಿದ್ದವಳು ನಾನು. ಶಿಷ್ಯರು ತಾವು ಮಾಡಿದ್ದನ್ನು ಕಳಿಸುತ್ತಿದ್ದರು, ಅಜ್ಜ ತಿದ್ದುತ್ತಿದ್ದರು.

ಅವರು ಹೋದ ಮೇಲೂ ವಿಡಿಯೋಗಳು ಬರುತ್ತಲೇ ಇದ್ದವು. ಯಾರಾದರೂ ಉತ್ತರ ಕೊಡಬೇಕಲ್ಲ ಎಂದು ನಾನೇ ಕೊಟ್ಟೆ. ಮುಖ ತೋರಿಸಲು ನಾಚಿಕೆ, ಹಾಗಾಗಿ ಧ್ವನಿ ಮಾತ್ರ. ಚಿಕ್ಕಂದಿನಲ್ಲಿ ಸೀತೂರಿನ ಶಾಲೆಯಲ್ಲಿ ಓದಿದ್ದು ಎಷ್ಟೋ ಮರೆತಿದೆ, ಮದುವೆಯಾದಂದಿನಿಂದ ಜಗುಲಿಯಲ್ಲಿ ಕೂತು ನೋಡಿದ ವರಸೆ ಮರೆತಿರಲಿಲ್ಲ. ಆ ದಿನಗಳಲ್ಲಿ ನನಗೆ ಅಳು ಬರುತ್ತಿರಲಿಲ್ಲ, ಹಸಿವೂ ಅಷ್ಟಕ್ಕಷ್ಟೆ. ವಿಡಿಯೋ ನೋಡುವುದು, "ಮೊಣಕೈ ಇಳಿಸು" ಎನ್ನುವುದು, ಫೋನ್ ಚಾರ್ಜಿಗೆ ಹಾಕುವುದು. ಅಷ್ಟೇ.

ಗದಗಿನ ಸುಮಂಗಲಾ ಹಾಗೆ ಕಲಿತವಳು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಟದ ಟೀಚರ್. ತನ್ನ ಹುಡುಗಿಯರಿಗೆ ಕಲಿಸಬೇಕೆಂಬ ಆಸೆ ಅವಳದು. ನಮ್ಮಲ್ಲಿ ಒಂದು ಪದ್ಧತಿ ಉಂಟು: ಕಲಿಸಲು ಹೊರಡುವವರು ಗುರುವಿನ ಅಂಗಳಕ್ಕೆ ಬಂದು ಹಿರಿಯ ಶಿಷ್ಯನ ಎದುರು ಆಡಬೇಕು. ಅವನು ಒಪ್ಪಿದರೆ ಗುರುವಿನ ಮನೆಯವರು ಕೈಯಾರೆ ದೊಣ್ಣೆ ಕೊಡಬೇಕು. ಅದಿಲ್ಲದೆ ಕಲಿಸುವಂತಿಲ್ಲ. ನವೆಂಬರಿನಲ್ಲಿ ಅವಳು ಬಂದಳು. ಹಿರಿಯ ಶಿಷ್ಯ ನೆಮ್ಮಾರಿನ ಶ್ರೀಧರ, ಬಸ್ ಡ್ರೈವರ್, ರಜೆ ಹಾಕಿ ಬಂದ.

"ಅಷ್ಟು ದೂರ ಕೂತು ಬಂದಿದೀರಿ, ಕಾಲು ಜೋಮು ಹಿಡಿದಿರಬೇಕು," ಎಂದ ಶ್ರೀಧರ.

"ಕಾಲಲ್ರೀ, ಹೊಟ್ಟಿ ತಿರಗೇತಿ. ನಿಮ್ಮ ಕಡೆ ಡ್ರೈವರ್ ಬಸ್ ಓಡಸ್ತಾರೋ, ತೊಟ್ಲಾ ತೂಗ್ತಾರೋ?"

ಶ್ರೀಧರ ನಕ್ಕು ದೊಣ್ಣೆ ಎತ್ತಿಕೊಂಡ.

ಮೊದಮೊದಲು ಚೆನ್ನಾಗಿಯೇ ಆಡಿದಳು. ತಲೆಗೆ ಬರುವ ಪೆಟ್ಟು ತಡೆಯುವಾಗ ಬಲಗಾಲು ಮುಂದಿಟ್ಟು, ಮಂಡಿ ಬಗ್ಗಿಸಿ, ದೊಣ್ಣೆ ಅಡ್ಡ ಹಿಡಿಯಬೇಕು. ಅವಳು ಮಂಡಿ ಬಗ್ಗಿಸಲಿಲ್ಲ. ಕಾಲನ್ನು ಅರ್ಧಕ್ಕೇ ನಿಲ್ಲಿಸಿ, ಸೊಂಟ ತಿರುಗಿಸಿ, ಹಿಮ್ಮಡಿ ಎಳೆದುಕೊಂಡಳು. ಶ್ರೀಧರನ ದೊಣ್ಣೆ ಅವಳ ಎಡಗಿವಿಯ ಪಕ್ಕ ಬಂದು ನಿಂತಿತು.

"ಸತ್ರಿ ಮಾರಾಯ್ರೆ," ಎಂದ. "ಇದೆಂತ ಹೆಜ್ಜೆ? ನಮ್ಮ ವರಸೆಯಲ್ಲಿ ಇಲ್ಲ."

"ಗುರುಗಳೇ ಮಾಡ್ಯಾರ್ರೀ." ಫೋನ್ ತೆಗೆದು ತೋರಿಸಿದಳು. ಹಾಗೆಯೇ ಇತ್ತು.

ಅವಳು ಕಳಿಸುತ್ತಿದ್ದ ವಿಡಿಯೋದಲ್ಲಿ ನಾನು ಇದನ್ನು ಕಂಡಿರಲಿಲ್ಲ. ಇಕ್ಕಟ್ಟು ಕೋಣೆಯಲ್ಲಿ ತೆಗೆದ ವಿಡಿಯೋ, ಸೊಂಟದ ಕೆಳಗೆ ಕಾಣುತ್ತಿರಲಿಲ್ಲ. ಈಗ ಎದುರಿಗೆ ಕಂಡಿತು. ಗದಗಿನ ಹೆಂಗಸಿನ ಮೈಯಲ್ಲಿ ನಿಮ್ಮಜ್ಜ ನಡೆದು ಬಂದ ಹಾಗೆ. ನನಗೆ ಏನೂ ಅನ್ನಿಸಲಿಲ್ಲ. ಜಗುಲಿಯ ಕಂಬ ತಣ್ಣಗಿತ್ತು, ಅದಷ್ಟೇ ಗೊತ್ತಾಯಿತು.

"ನಮ್ಮ ಗುರುಗಳ ಗುರುಗಳು ಕೆಸರುಗದ್ದ್ಯಾಗ ಕಲಿಸ್ತಿದ್ರು ಅಂತ ಆಗಲೇ ನೀವೇ ಹೇಳಿದ್ರಿ," ಎಂದಳು ಶ್ರೀಧರನಿಗೆ. "ಅವರು ಕಾಲು ಎತ್ತಿ ಇಡ್ತಿದ್ರು. ನಮ್ಮ ಗುರುಗಳು ಅಂಗಳಕ್ಕ ತಕ್ಕಂಗ ಕಾಲು ಜಾರಿಸೋದು ತಂದ್ರು. ಅದು ನಡೀತೈತಿ, ಇದ್ಯಾಕ ನಡಿಯಂಗಿಲ್ಲ?"

ಶ್ರೀಧರ ದೊಣ್ಣೆ ಕೆಳಗೂರಿದ. ನನ್ನ ಕಡೆ ನೋಡಿದ. ಅವಳೂ ನೋಡಿದಳು.

"ಅದು ವರಸೆ ಅಲ್ಲ ಮಗಾ," ಎಂದೆ. "ಅವರ ಬಲ ಮಂಡಿ ಸವೆದಿತ್ತು. ಬಗ್ಗಿಸಿದರೆ ಜೀವ ಹೋಗ್ತಿತ್ತು. ವಿಡಿಯೋದಲ್ಲಿ ಅದನ್ನ ಹೇಳಿಕೊಳ್ಳಲಿಲ್ಲ."

ಸುಮಂಗಲಾ ಫೋನಿನ ವಿಡಿಯೋ ಇನ್ನೊಮ್ಮೆ ಹಾಕಿ ನೋಡಿದಳು. "ನಾ ಅವರನ್ನ ಒಮ್ಮೆನೂ ಕಣ್ಣಾರೆ ನೋಡಿಲ್ರೀ ಅಮ್ಮಾ. ಈ ಹೆಜ್ಜಿ ಬಿಟ್ರ ಅವರದಂತ ನನ್ನ ಹತ್ರ ಏನು ಉಳೀತು?"

ಆ ಪ್ರಶ್ನೆ ನನ್ನದೂ ಆಗಿತ್ತು. ಇರಲಿ ಬಿಡು ಎನ್ನುವುದು ಸುಲಭವಿತ್ತು. ಆದರೆ ನಾಳೆ ಅವಳ ಶಾಲೆಯ ಹುಡುಗಿಯರೂ ಕಿವಿಯ ಪಕ್ಕ ಪೆಟ್ಟಿಗೆ ಜಾಗ ಬಿಟ್ಟುಕೊಂಡೇ ನಿಲ್ಲುತ್ತಾರೆ. ಎಲ್ಲರ ಎದುರೂ ಶ್ರೀಧರನಂತೆ ದೊಣ್ಣೆ ತಡೆದು ನಿಲ್ಲಿಸುವವನೇ ಇರುವುದಿಲ್ಲ.

"ಮಂಡಿ ಬಗ್ಗಿಸು," ಎಂದೆ. "ಅಲ್ಲೀವರೆಗೆ ದೊಣ್ಣೆ ಕೊಡುವುದಿಲ್ಲ."

ಅವಳು ನಮ್ಮಲ್ಲೇ ಉಳಿದಳು. ಶ್ರೀಧರ ಡ್ಯೂಟಿ ಮುಗಿಸಿ ಬಂದು ಆಡಿಸುತ್ತಿದ್ದ. ಅವಳ ಕಾಲು ಮತ್ತೆ ಮತ್ತೆ ಹಳೆಯದಕ್ಕೇ ಹೋಗುತ್ತಿತ್ತು. "ಗುರುಗಳ ನೋವು ನನ್ನ ಮಂಡಿಗೇ ಬಂದೈತ್ರೀ," ಎಂದು ಒಮ್ಮೆ ನಗಾಡಿದಳು. ಕೊನೆಗೆ ಕಾಲು ಮಾತು ಕೇಳಿತು. ದೊಣ್ಣೆ ಕೊಟ್ಟೆ. ಅವಳು ಕಾಲಿಗೆ ಬಿದ್ದು ಅತ್ತಳು. ನಾನು ಅನ್ನಕ್ಕೆ ನೀರಿಡಲು ಒಳಗೆ ಹೋದೆ.

ಅವಳು ಹೊರಡುವ ಮೊದಲು ಇನ್ನೊಂದು ಕೆಲಸವಿತ್ತು. ಅದೇ ವಿಡಿಯೋ ನೋಡಿ ಕಲಿತವರು ನರಸಿಂಹರಾಜಪುರದಲ್ಲೂ ಇದ್ದರು, ದುಬೈಯಲ್ಲೂ ಇದ್ದರು. ಶ್ರೀಧರ ಸರಿಯಾದ ಹೆಜ್ಜೆ ಮಾಡಿ ತೋರಿಸಿದ. ಸುಮಂಗಲಾ ಫೋನ್ ಹಿಡಿದಳು. ಮಾತಾಡಬೇಕಾದವಳು ನಾನು. ಸೆರಗು ಹೊದ್ದು ಮೊದಲ ಸಲ ಕ್ಯಾಮರಾ ಎದುರು ನಿಂತು, ಅವರಿಗೆ ಮಂಡಿ ನೋವಿತ್ತು, ಆ ಹೆಜ್ಜೆಯನ್ನು ಯಾರೂ ಇಡಬೇಡಿ ಎಂದೆ. ಹಳೆಯ ವಿಡಿಯೋ ತೆಗೆಸಿದೆ.

ಬರುಬರುತ್ತಾ ಎಲ್ಲರ ಬಲ ಮಂಡಿಯೂ ಬಗ್ಗಿತು. ಈಗ ಯಾರು ಕಳಿಸಿದ್ದರಲ್ಲೂ ನಿಮ್ಮಜ್ಜ ಕಾಣುವುದಿಲ್ಲ. ವಿದ್ಯೆ ಕೈಯಿಂದ ಕೈಗೆ ಹೋಗುವಾಗ ಬದಲಾಗುತ್ತದೆ, ಆಗಲಿ. ಆದರೆ ಕಲಿಸುವವರು ತಮ್ಮ ನೋವನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಶಿಷ್ಯರು ಅದನ್ನೂ ಪಾಠವೆಂದು ಹೊರುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅದು. ನೋವಿದ್ದರೆ ನೀವು ಹೇಳಿ, ಮಕ್ಕಳೇ.