ಅಜ್ಜಿ ಬಡಿದು ನೋಡಿದ ಚಕ್ರ

ಮೊಮ್ಮಗ ತನ್ನ ಹಳೇ ಕಾರಿಗೆಂದು ತರಿಸಿದ ಚಕ್ರದ ಡಬ್ಬ ಬಿಚ್ಚಿದ. ತುಕ್ಕು, ಗ್ರೀಸು ಬೆರೆತ ಆ ವಾಸನೆಗೆ ನಾನು ಮತ್ತೆ ಚಿಕ್ಕವಳಾಗಿ ರಾಯಕೋಟೆಯ ನಮ್ಮ ಅಂಗಳದಲ್ಲಿದ್ದೆ.

ಯುದ್ಧದ ಕಾಲ, ಬಿಡಿಭಾಗ ಸಿಗುತ್ತಿರಲಿಲ್ಲ. ಒಂದು ಚಕ್ರ ಬಿರುಕುಬಿಟ್ಟು ಅಪ್ಪನ ಕಾರು ಕಲ್ಲುಗಳ ಮೇಲೆ ನಿಂತಿತ್ತು. ಸೋದರತ್ತೆಗೆ ದಿನ ತುಂಬಿತ್ತು, ಕೃಷ್ಣಗಿರಿ ಆಸ್ಪತ್ರೆಗೆ ಒಯ್ಯಬೇಕಿತ್ತು. ಆಗ ಹೊಸೂರಿನವನೊಬ್ಬ ಚಕ್ರ ಹೊತ್ತು ತಂದ. ಅಪ್ಪ ದಾರ ಹಿಡಿದು ಅಳೆದರು, ಬೋಲ್ಟಿನ ತೂತು ಎಣಿಸಿದರು. ಎಲ್ಲ ಸರಿಯಾಗಿತ್ತು.

"ಹಳೇ ಚಕ್ರಕ್ಕೆ ಹೊಸ ಬಣ್ಣ ಯಾಕ್ಲಾ?" ಎಂದು ಅವನನ್ನು ಕೇಳಿದಳು ನನ್ನಜ್ಜಿ.

ಸಂತೆಯಲ್ಲಿ ಮಡಕೆ ಬಡಿದು ನೋಡುವಂತೆ, ಅಡಿಕೆ ಕುಟ್ಟುವ ಕಲ್ಲಿನಿಂದ ಚಕ್ರವನ್ನು ಸುತ್ತಲೂ ಬಡಿದಳು. ಠಣ್ ಠಣ್ ಎನ್ನುತ್ತಿದ್ದದ್ದು ಒಂದು ಕಡೆ ದಬ್ ಎಂದಿತು.

"ಅಲ್ಲಿ ಬಣ್ಣ ದಪ್ಪ, ತಾಯಿ," ಎಂದ ಅವನು.

"ಸುಮ್ನಿರವ್ವ, ಹೊತ್ತಾಯ್ತದೆ," ಎಂದರು ಅಪ್ಪ.

"ಆಗ್ಲಿ, ಹಾಕು. ನೀನೂ ಹತ್ಲಾ, ಕೃಷ್ಣಗಿರಿಗಂಟ ನಮ್ಜೊತೆ ಬಾ," ಎಂದಳು ಅಜ್ಜಿ ಅವನಿಗೆ.

ಅವನು ಕಾರು ನೋಡಿದ, ಅತ್ತೆಯ ಹೊಟ್ಟೆ ನೋಡಿದ. ಚಕ್ರವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ. ಅತ್ತೆ ಎತ್ತಿನ ಗಾಡಿಯಲ್ಲೇ ಹೋಗಿ, ಮಗು ಎತ್ತಿಕೊಂಡು ಬಂದಳು.

ಮೊಮ್ಮಗನ ಚಕ್ರವನ್ನೂ ಬಡಿದೆ. ಕಿವಿ ಮಂದ, ಏನೂ ತಿಳಿಯಲಿಲ್ಲ.

"ಇದನ್ನ ಮಾರಿದೋನು ನಿನ್ಜೊತೆ ಕೂರ್ತಾನೇನ್ಲಾ?" ಎಂದೆ.

"ಅವನ ಮುಖಾನೇ ನೋಡಿಲ್ಲ ಅಜ್ಜಿ, ಫೋನಲ್ಲಿ ಕೊಂಡಿದ್ದು," ಎಂದು ನಕ್ಕ.

ಇವತ್ತು ಸಂಜೆ ಒಂದು ಸುತ್ತು ಹೋಗೋಣ ಬಾ ಎಂದು ಕರೆಯುತ್ತಿದ್ದಾನೆ. ಮಂಡಿನೋವು ಎಂದಿದ್ದೇನೆ.