ಕಣದಲ್ಲಿ ಒಣಗಿದ ಅಚ್ಚು

ಬಣಕಲ್ ಹತ್ತಿರದ ಎಸ್ಟೇಟೊಂದರ ಸಾಹುಕಾರರಿಗೆ ತಮ್ಮ ಹೊಸ ಹೋಂಸ್ಟೇ ತುಂಬ ಗಾಜಿನ ಕಾಫಿ ಹಣ್ಣುಗಳನ್ನು ತೂಗುಹಾಕುವ ಹುಚ್ಚು ಹಿಡಿಯಿತು. ತೋಟದಲ್ಲಿರುವ ನಿಜವಾದ ಹಣ್ಣು ಅತಿಥಿಗಳಿಗೆ ಸಾಲದಂತೆ. ಗಾಜು ಊದುವವನನ್ನು ಹೊರಗಿನಿಂದ ಕರೆಸಿದ್ದರು; ಮರದ ಅಚ್ಚು ಕೆತ್ತುವ ಕೆಲಸ ನನ್ನದು. ಎರಡು ಹೋಳಿನ ಅಚ್ಚನ್ನು ಕೆತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಊಟಕ್ಕೆ ಹೋದೆ. ಅಚ್ಚು ಚೆನ್ನಾಗಿ ನೆನೆದಿದ್ದರೆ ಮಾತ್ರ ಕಾದ ಗಾಜು ಮರವನ್ನು ಸುಡುವುದಿಲ್ಲ.

ಬಂದು ನೋಡಿದರೆ ಬಕೆಟ್ ಖಾಲಿ. ಅಚ್ಚು ಕಾಫಿ ಒಣಗಿಸುವ ಕಣದಲ್ಲಿ ಬಿದ್ದು, ಉದ್ದಕ್ಕೆ ಸೀಳು ಬಿಟ್ಟಿತ್ತು. ಕಣ ನೋಡಿಕೊಳ್ಳುವ ಮೇಸ್ತ್ರಿ ಅದನ್ನೂ ಕಾಫಿಯ ಜೊತೆ ಆಗಾಗ ಮಗುಚಿ ಹಾಕಿದ್ದರು.

"ನೆಂದಿದ್ದನ್ನ ಹಾಗೇ ಬಿಟ್ರೆ ಬೂಷ್ಟು ಹಿಡಿಯಲ್ವಾ ಮಾರಾಯ?" ಎಂದು ನನಗೇ ಬೈದರು.

ನನ್ನ ನೆನಪಿನಲ್ಲಿ ಅಂದು ಸುಡುಬಿಸಿಲು. ಹೆಂಡತಿ ಮೋಡವಿತ್ತು ಎನ್ನುತ್ತಾಳೆ. ಮೋಡವಿದ್ದರೆ ಅಚ್ಚು ಸೀಳು ಬಿಡುವುದಿಲ್ಲ. ಆದ್ದರಿಂದ ಬಿಸಿಲನ್ನೇ ಇಟ್ಟುಕೊಂಡಿದ್ದೇನೆ.

ಮರುದಿನವೇ ಹೋಂಸ್ಟೇ ಉದ್ಘಾಟನೆ. ಬೇರೆ ಅಚ್ಚಿಗೆ ಸಮಯವಿರಲಿಲ್ಲ. ಸೀಳಿದ್ದನ್ನೇ ಮತ್ತೆ ನೆನೆಸಿ, ತಂತಿ ಬಿಗಿದು ಊದಿಸಿದೆವು. ಪ್ರತಿ ಹಣ್ಣಿನ ಹೊಟ್ಟೆಯ ಮೇಲೂ ಆಪರೇಷನ್ ಹೊಲಿಗೆಯಂಥ ಗೆರೆ ಎದ್ದಿತು. ಇನ್ನು ಈ ಎಸ್ಟೇಟಿನಲ್ಲಿ ನನಗೆ ಕೆಲಸವಿಲ್ಲ ಎಂದುಕೊಂಡು ಬಾಗಿಲ ಬಳಿ ನಿಂತೆ.

ಸಾಹುಕಾರರು ಅತಿಥಿಗಳ ಮುಂದೆ ಒಂದು ಹಣ್ಣನ್ನು ಬೆಳಕಿಗೆ ಹಿಡಿದರು. "ಈ ಗೆರೆ ನೋಡಿ. ಕೈಕೆಲಸ ಅಂದ್ರೆ ಇದು. ಮಿಷನ್ನಲ್ಲಿ ಬರಲ್ಲ."

ಅತಿಥಿಗಳು ಗೆರೆಯನ್ನು ಸವರಿ ಸವರಿ ಫೋಟೊ ತೆಗೆದರು. ಸಾಹುಕಾರರು ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಏಲಕ್ಕಿದೂ ಒಂದು ಅಚ್ಚು ಮಾಡು ಮಾರಾಯ. ಒಣಗಿಸೋದು ಮಾತ್ರ ನಮ್ಮ ಮೇಸ್ತ್ರಿಗೇ ಬಿಡು."