ಒಬ್ಬರಿಗೊಂದು ರಹದಾರಿ, ಇಬ್ಬರಿಗೊಂದು ಶಾಲು

ಕುವೈತಿನಲ್ಲಿ ಚಳಿಯಾಗುವುದು ಬೇಸಿಗೆಯಲ್ಲಿ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಹೊತ್ತಿನಲ್ಲೇ ಬ್ಯಾಂಕು, ಆಸ್ಪತ್ರೆ, ಮಾಲು ಎಂದು ಯಾವ ಬಾಗಿಲು ತಳ್ಳಿ ಒಳಗೆ ಹೋದರೂ ಏಸಿಯ ಹಿಮಾಲಯ ಎದುರಾಗುತ್ತದೆ. ಹಾಗಾಗಿ ಇಲ್ಲಿನ ಹೆಂಗಸರ ಕೈಚೀಲದಲ್ಲಿ ನೀರಿನ ಬಾಟಲಿಯ ಪಕ್ಕ ಒಂದು ಶಾಲು ಇರುವುದು ಮಾಮೂಲು. ಧಾರವಾಡಕ್ಕೆ ಹೋದಾಗ ತೆಳ್ಳನೆಯದೊಂದು ಉಣ್ಣೆಯ ಶಾಲು ಬೇಕೆಂದು ಕೇಳಿದರೆ ನನ್ನ ತಂಗಿ, "ಮರುಭೂಮಿಯೊಳಗ ಯಾರಿಗೆ ಹೊದಸ್ತಿ ಅಕ್ಕಾ, ಒಂಟಿಗೇನು?" ಎಂದು ನಕ್ಕಿದ್ದಳು. ಆ ಶಾಲಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಆದರೆ ಅದಕ್ಕೆ ಮೊದಲು ಒಂದು ಕ್ರಾಂತಿಯನ್ನು ದಾಟಿ ಬರಬೇಕು. ತಾವು ಸ್ವಲ್ಪ ತಾಳ್ಮೆಯಿಂದ ಜೊತೆಗಿರಬೇಕು.

ನಮ್ಮವರು, ಅಂದರೆ ನನ್ನ ಗಂಡ ಶ್ರೀಧರ, ಎಣ್ಣೆಯ ಊರಾದ ಅಹ್ಮದಿಯಲ್ಲಿ ಎಂಜಿನಿಯರು. ಕಳೆದ ವರ್ಷ ಅವರ ಪ್ರಾಜೆಕ್ಟು ಮುಗಿಯುತ್ತ ಬಂದಿತ್ತು, ಹೊಸ ಪ್ರಾಜೆಕ್ಟಿನಲ್ಲಿ ಕೆಲಸವಿತ್ತು, ಆದರೆ ಸಂಸಾರಕ್ಕೆ ಕಂಪನಿಯ ಮನೆ ಇರಲಿಲ್ಲ. ಇಂಥ ಸಂದರ್ಭಕ್ಕೆ ಇಲ್ಲಿ ಒಂದು ಸಿದ್ಧ ಪರಿಹಾರವಿದೆ: ಹೆಂಡತಿ ಮಕ್ಕಳು ಊರಿಗೆ, ಗಂಡ 'ಬ್ಯಾಚುಲರ್' ರೂಮಿಗೆ. ಇಪ್ಪತ್ತು ವರ್ಷ ಸಂಸಾರ ಮಾಡಿ ತಲೆ ನರೆತವರೂ ಇಲ್ಲಿ ಒಂದು ವಿಮಾನ ಹಾರಿದ ಕೂಡಲೇ ಬ್ರಹ್ಮಚಾರಿಗಳಾಗುತ್ತಾರೆ. ಜೂನ್ ತಿಂಗಳಲ್ಲಿ ನಾನು ಮಗಳು ಮೇಘಾಳೊಂದಿಗೆ ಧಾರವಾಡಕ್ಕೆ ಹೋಗುವುದು, ಇವರು ಫಹಾಹೀಲಿನಲ್ಲಿ ಹೋಟೆಲು ನೋಡಿಕೊಳ್ಳುವ ಗೆಳೆಯ ಶೆಟ್ಟರ ರೂಮು ಸೇರುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಯಾರೆಂದು ಈಗ ಕೇಳಿದರೆ ನಾನು ಅವರನ್ನು ತೋರಿಸುತ್ತೇನೆ, ಅವರು ನನ್ನನ್ನು.

ಶೆಟ್ಟರು ಮಂಗಳೂರಿನ ಕಡೆಯ ಸಜ್ಜನರು. ಒಂದು ಸಂಜೆ ಮನೆಗೆ ಬಂದು, "ನೀವೇನು ಟೆನ್ಷನ್ ಮಾಡ್ಬೇಡಿ ಅಕ್ಕಾ. ಇವರಿಗೆ ಬೆಳಿಗ್ಗೆ ಬಿಸಿ ಬಿಸಿ ನೀರುದೋಸೆ ನಾನೇ ಹಾಕಿ ಕೊಡ್ತೇನೆ. ಹೊಸ ಕಾವಲಿ ಕೂಡ ತೆಗೆದಿಟ್ಟಿದ್ದೇನೆ ಮಾರಾಯ್ರೆ!" ಎಂದು ಧೈರ್ಯ ಹೇಳಿದರು. ನಮ್ಮವರ ಮುಖ ಅರಳಿತು. ಅರಳಿತು ಎಂದೇ ನನ್ನ ನೆನಪು. ಅದು ಸೌಜನ್ಯದ ನಗೆಯೂ ಆಗಿದ್ದೀತು. ಆದರೆ ಅಂದಿನಿಂದ ನನಗೆ ಒಂದು ಕಬ್ಬಿಣದ ಕಾವಲಿಯ ಮೇಲೆ ಮತ್ಸರ ಹುಟ್ಟಿದ್ದಂತೂ ನಿಜ. ಸವತಿ ಎಂಬವಳು ಹೆಣ್ಣಾಗಿದ್ದರೆ ಜಗಳವಾದರೂ ಆಡಬಹುದು. ಸವತಿಯ ಸ್ಥಾನದಲ್ಲಿ ಐವತ್ತು ದಾಟಿದ ಶೆಟ್ಟರು ಸವುಟು ಹಿಡಿದು ನಿಂತರೆ ಯಾವ ಬಾಯಿಂದ ಜಗಳ ತೆಗೆಯುವುದು?

ಈ ನಡುವೆ ನಮ್ಮವರ ಇಟಾಲಿಯನ್ ಸಹೋದ್ಯೋಗಿಯೊಬ್ಬರು, ತಮಗೆ ಹೋಗಲಾಗುವುದಿಲ್ಲವೆಂದು, ಶುಕ್ರವಾರ ಮಧ್ಯಾಹ್ನದ ಒಂದು ಒಪೆರಾಕ್ಕೆ ಎರಡು ಟಿಕೆಟು ಕೊಟ್ಟರು. ಕೋಟು ಹಾಕದಿದ್ದರೆ ಒಳಗೆ ಬಿಡುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಇವರು ಮದುವೆಯ ಕೋಟನ್ನು ಹೊರತೆಗೆದರು. ಗುಂಡಿ ಹಾಕುವ ಪ್ರಶ್ನೆ ಇರಲಿಲ್ಲ. ಕೋಟು ಅಷ್ಟೇ ಇತ್ತು, ಇವರು ಅಷ್ಟೇ ಇರಲಿಲ್ಲ. ಮೇಘಾ ಮನೆಯಲ್ಲೇ ಉಳಿದಳು.

ಸಮುದ್ರದ ದಿಕ್ಕಿನ ಆ ಭವ್ಯ ಸಭಾಂಗಣದಲ್ಲಿ ನಾವಿಬ್ಬರೂ ಮದುವೆಮನೆಯಲ್ಲಿ ಗುರುತಿನವರು ಸಿಗದ ನೆಂಟರಂತೆ ಕುಳಿತೆವು. ಒಪೆರಾದ ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಳುವುದಿಲ್ಲ, ಬಿಡಿ. ಹಾಡೆಲ್ಲ ಇಟಾಲಿಯನ್, ವೇದಿಕೆಯ ಮೇಲ್ಗಡೆ ಅರಬ್ಬಿ ಮತ್ತು ಇಂಗ್ಲಿಷ್ ಸಾಲುಗಳು ಮೂಡುತ್ತಿದ್ದವು. ಕತೆ ಮಾತ್ರ ಸರಳ. ಒಂದು ನಗರದಲ್ಲಿ ಕ್ರಾಂತಿ. ಅರಮನೆ ಸುಟ್ಟವರು ಈಗ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಿದ್ದಾರೆ. ಗಡಿಯಾರ ರಿಪೇರಿ ಮಾಡುವ ಒಬ್ಬ ತರುಣ, ಅವನನ್ನು ಪ್ರೀತಿಸುವ ದರ್ಜಿಯ ಮಗಳು, ಅವಳನ್ನು ಬಯಸುವ ಕೋಟೆಬಾಗಿಲ ಕಾವಲುಗಾರ. ಹೊಟ್ಟೆಕಿಚ್ಚಿಗೆ ಕಾವಲುಗಾರ ತರುಣನ ಮೇಲೆ ದ್ರೋಹದ ಆರೋಪ ಹೊರಿಸುತ್ತಾನೆ. ಅವನ ಗೆಳತಿಯೆಂದು ಹುಡುಗಿಗೂ ಮರಣದಂಡನೆಯಾಗುತ್ತದೆ. ಆಗ ಕಾವಲುಗಾರನೇ ಎದೆಯೊಡೆದು, ಬೆಳಗಾಗುವುದರೊಳಗೆ ಊರು ಬಿಡಲು ಒಂದು ರಹದಾರಿ ತಂದುಕೊಡುತ್ತಾನೆ. ಆದರೆ ಅದರಲ್ಲಿ ಒಬ್ಬರು ಮಾತ್ರ ಬಾಗಿಲು ದಾಟಬಹುದು.

ಆ ಕಾಗದವನ್ನು ಅವಳು ಅವನ ಕೈಗಿಡುತ್ತಾಳೆ, ಅವನು ಅವಳ ಕೈಗಿಡುತ್ತಾನೆ, ಮತ್ತೆ ಅವಳು ಅವನ ಕೈಗೆ. ಹೀಗೆ ಕಾಲು ಗಂಟೆ, ಹಾಡಿನ ಮೇಲೆ ಹಾಡು. ನಮ್ಮವರು ನನ್ನ ಕಿವಿಯಲ್ಲಿ, "ಲಗೂನ ಯಾರರೆ ಒಬ್ರು ತಗೊಳ್ಳಲಿ, ಬೆಳಗ ಆಗಲಿಕ್ಹತ್ತೇದ" ಎಂದರು. ಯಾರೂ ತೆಗೆದುಕೊಳ್ಳಲಿಲ್ಲ. ಹುಡುಗಿ ಅದನ್ನು ಮೇಣದಬತ್ತಿಗೆ ಹಿಡಿದಳು. ಕಾಗದ ಉರಿದ ಬೆಳಕಿನಲ್ಲಿ ಇಬ್ಬರೂ ಕೈ ಹಿಡಿದು ಕೊನೆಯ ಹಾಡು ಹಾಡಿದರು. ನನಗೆ ಕಣ್ಣು ಮಂಜಾಯಿತು. ಆ ಚಳಿಯಲ್ಲಿ ನಾವಿಬ್ಬರೂ ಒಂದೇ ಶಾಲಿನೊಳಗೆ ಕುಳಿತು ಆ ಹಾಡು ಕೇಳಿದ್ದು ಇಂದಿಗೂ ನನ್ನ ಹೆಗಲಿಗೆ ನೆನಪಿದೆ.

ಹಾಡು ಮುಗಿದು ಸಭಾಂಗಣ ಉಸಿರು ಹಿಡಿದಿದ್ದಾಗ, ನನ್ನ ಪಕ್ಕದ ಮದುವೆಯ ಕೋಟಿನ ಮಹಾಶಯರು ಎದ್ದು ನಿಂತು, ಗದಗಿನ ಜಾತ್ರೆಯ ತಗಡಿನ ಥೇಟರಿಗೆ ತಕ್ಕ ದನಿಯಲ್ಲಿ, "ವನ್ಸ್ ಮೋರ್!" ಎಂದು ಕೂಗಿದರು.

ನಮ್ಮ ಕಡೆಯ ಕಂಪನಿ ನಾಟಕ ನೋಡಿದವರಿಗೆ ಇದರ ಗುಟ್ಟು ಗೊತ್ತು. ಅಲ್ಲಿ ಹಾಡು ಮನಸ್ಸಿಗೆ ಬಂದರೆ ಪ್ರೇಕ್ಷಕರು ವನ್ಸ್ ಮೋರ್ ಎನ್ನುತ್ತಾರೆ, ನಟ ಹಾಡಲೇಬೇಕು. ಸತ್ತು ಬಿದ್ದ ನಾಯಕನಾದರೂ ಸರಿ, ಎದ್ದು, ಧೂಳು ಕೊಡವಿ, ಹಾರ್ಮೋನಿಯಮ್ಮಿನ ಕಡೆ ಕಣ್ಣು ಹಾಯಿಸಿ, ಹಾಡನ್ನು ಪೂರ್ತಿ ಹಾಡಿ, ಮತ್ತೆ ಸಾಯುತ್ತಾನೆ. ಆದರೆ ಇದು ಕಂಪನಿ ನಾಟಕವಲ್ಲ. ಎಷ್ಟೋ ತಲೆಗಳು ನಮ್ಮತ್ತ ಹೊರಳಿದವು. ಹಿಂದಿನ ಸಾಲಿನ ಹಿರಿಯರೊಬ್ಬರು ಅರಬ್ಬಿಯಲ್ಲಿ ಏನೋ ಅಂದರು, ಅದನ್ನು ಕೇಳಿ ಕೆಲವರು ನಕ್ಕರು. ವಾದ್ಯವೃಂದದ ಮುಂದೆ ಕೋಲು ಹಿಡಿದಿದ್ದವರೂ ಹೊರಳಿ ಮುಗುಳ್ನಕ್ಕರು ಎಂದು ನನ್ನ ನೆನಪು ಹೇಳುತ್ತದೆ, ಆದರೆ ಅಷ್ಟು ಹಿಂದಿನ ಸಾಲಿನಿಂದ ಮುಗುಳ್ನಗೆ ಕಾಣುವುದು ಸಾಧ್ಯವೇ? ಆ ಭಾಗವನ್ನು ನಾಚಿಕೆ ತಡೆಯಲಾರದೆ ನಾನೇ ಹೊಲಿದು ಸೇರಿಸಿರಬೇಕು. ಹಾಡು ಮತ್ತೆ ಬರಲಿಲ್ಲ. ಸಿಪಾಯಿಗಳು ಬಂದರು.

ಹೊರಬಂದಾಗ ಸಂಜೆ ಬಿಸಿಲು. ತಣ್ಣಗಾಗಿದ್ದ ಕನ್ನಡಕದ ಮೇಲೆ ಕಡಲ ಆವಿ ಕಟ್ಟಿ ಇಬ್ಬರಿಗೂ ಜಗತ್ತು ಕಾಣದಾಯಿತು. ಕಾರು ದಕ್ಷಿಣದ ರಸ್ತೆ ಹಿಡಿದ ಮೇಲೆ ಇವರು ಮಾತು ತೆಗೆದರು.

"ಆಕಿ ಹೋಗಬೇಕಾಗಿತ್ತು."

"ಯಾಕ ಹೋಗಬೇಕು?"

"ಒಬ್ರರೆ ಉಳೀತಿದ್ರಲ್ಲ. ಕೈಯಾಗಿನ ಪಾಸ್ ಯಾರರೆ ಸುಡ್ತಾರೇನು? ಒಂದು ಇಕಾಮಾ ಪರವಾನಗಿ ರಿನ್ಯೂ ಆಗೂತನಕಾ ನಾವಿಲ್ಲೆ ಜೀವ ಹಿಡ್ಕೊಂಡು ಕೂಡ್ತೀವಿ."

"ಉಳದು ಏನ ಮಾಡಬೇಕು ಆಕಿ? ತಂಗಿ ಮನಿ ಬಾಜೂಕ ಬಾಡಿಗಿ ಮನಿ ಹಿಡೀಬೇಕೇನು?"

ದರ್ಜಿಯ ಮಗಳಿಗೆ ತಂಗಿ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ನಿನಗೇನಂತ, ಧಾರವಾಡ ಅಂದ್ರ ಮುಖದ ಮ್ಯಾಲೆ ಲೈಟ್ ಹತ್ತತದ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ತಂಗಿ, ಗೆಳತ್ಯಾರು, ಸಂಗೀತ. ಅಲ್ಲೆ ನಾ ಯಾವಾಗ ನೆನಪಾಗಬೇಕು?"

"ನಿಮಗೂ ಶೆಟ್ಟರ ನೀರುದೋಸಿ ಸಿಕ್ಕ ಮ್ಯಾಲೆ ನಾ ಯಾಕ ನೆನಪಾಗಬೇಕು?"

"ನೀರುದೋಸಿ ಮ್ಯಾಲೆ ಸಿಟ್ಟೇನು ನಿನಗ?"

"ಕಾವಲಿ ಮ್ಯಾಲೆ."

ಅವರು ನಕ್ಕರು. ನಾನು ನಗಬಾರದೆಂದುಕೊಂಡೇ ನಕ್ಕೆ. ನಾನು ಅವರ ಕಾವಲಿಯ ಮೇಲೆ ಕಿಚ್ಚು ಪಟ್ಟಷ್ಟೇ ದಿನ ಅವರು ನನ್ನ ಧಾರವಾಡದ ಮೇಲೆ ಕಿಚ್ಚು ಪಟ್ಟಿದ್ದರು. ಒಬ್ಬರಿಲ್ಲದೆ ಇನ್ನೊಬ್ಬರು ಸುಖವಾಗಿದ್ದುಬಿಟ್ಟಾರು ಎಂಬುದೇ ಇಬ್ಬರ ಸಂಕಟ. ಕೋಟೆಬಾಗಿಲ ಕಾವಲುಗಾರನ ಮುಂದೆ ಇದು ಬಹಳ ಬಡ ಮತ್ಸರ, ಇದಕ್ಕೆ ಯಾರೂ ಸಂಗೀತ ಕೂಡಿಸುವುದಿಲ್ಲ. ಆದರೂ ನಮ್ಮ ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಅಂಥದೇ ಒಂದು ರಹದಾರಿ. ನೀ ಹೋಗು, ಅಲ್ಲಿ ಚೆನ್ನಾಗಿರುತ್ತೀ. ನೀವಿರಿ, ನಿಮಗಿಲ್ಲಿ ಕೆಲಸವಿದೆ. ಒಂದೇ ವ್ಯತ್ಯಾಸ, ನಾವಿಬ್ಬರೂ ಹಾಡುತ್ತಿರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: "ಅಲ್ರೀ, ಅಷ್ಟು ಮಂದಿಯೊಳಗ ವನ್ಸ್ ಮೋರ್ ಅಂತ ಯಾಕ ಒದರಿದ್ರಿ?"

"ಹಾಡು ಮುಗದ್ರ ಗುಂಡು ಹಾರಸ್ತಾರಂತ ಗೊತ್ತಿತ್ತಲ್ಲ," ಎಂದರು. "ಇನ್ನೊಮ್ಮೆ ಹಾಡಿದ್ರ ಅಷ್ಟೊತ್ತರೆ ಕೂಡಿ ಇರ್ತಿದ್ರು."

ಕಂಪನಿ ನಾಟಕದ ಆ ಕೂಗನ್ನು ನಾನು ಅಲ್ಲಿಯತನಕ ಗದ್ದಲವೆಂದೇ ತಿಳಿದಿದ್ದೆ. ಸಾಯುವವರನ್ನು ಒಂದು ಹಾಡಿನಷ್ಟು ಹೊತ್ತು ತಡೆದು ನಿಲ್ಲಿಸುವ ಉಪಾಯ ಅದೆಂದು ನನ್ನ ಎಂ.ಎ. ಪದವಿ ಕಲಿಸಿರಲಿಲ್ಲ. ಅಹ್ಮದಿಗೆ ತಿರುಗುವ ರಸ್ತೆಯಲ್ಲಿ, "ಫಹಾಹೀಲಿನ್ಯಾಗ ಒಂದ ರೂಮಿಂದರೆ ನೋಡೋಣೇನು? ಮೂರೂ ಮಂದಿಗೆ?" ಎಂದು ಒಬ್ಬರು ಕೇಳಿದೆವು. ಯಾರೆಂದು ಖಂಡಿತ ಹೇಳಲಾರೆ. ಈ ಸಲ ಅವರು ನನ್ನ ಹೆಸರು ಹೇಳುತ್ತಾರೆ, ನಾನು ಅವರದು.

ಮೇಘಾಳಿಗೆ ವಿಷಯ ಹೇಳಿದರೆ ಅವಳು ಫೋನಿನಿಂದ ತಲೆ ಎತ್ತಿ, "ಐ ನೆವರ್ ವಾಂಟೆಡ್ ಟು ಗೋ, ಅಮ್ಮಾ. ನೀವಿಬ್ರೂ ನನ್ನ ಕೇಳಲೇ ಇಲ್ಲ," ಎಂದಳು. ಎರಡು ತಿಂಗಳ ನಮ್ಮ ತ್ಯಾಗ ಅಲ್ಲಿಗೆ ಖಲಾಸ್. ಶೆಟ್ಟರೇ ಓಡಾಡಿ ತಮ್ಮ ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮನೆ ಹುಡುಕಿಕೊಟ್ಟರು. ಒಕ್ಕಲಾದ ದಿನ ಕಾವಲಿಯನ್ನು ಕಾಗದದಲ್ಲಿ ಸುತ್ತಿ ತಂದು, "ಇನ್ನು ಇದು ನಿಮಗೇ ಇರಲಿ ಅಕ್ಕಾ. ನನಗೆ ಇವರ ಯೋಗ ಇಲ್ಲ," ಎಂದು ನಿಟ್ಟುಸಿರುಬಿಟ್ಟರು. ಅದರ ಮೇಲೆ ನನ್ನ ನೀರುದೋಸೆ ಇನ್ನೂ ಹರಿಯುತ್ತದೆ.

ಈಗ ಶಾಲಿನ ವಿಷಯ. ಮೊನ್ನೆ ಊಟಕ್ಕೆ ಬಂದಿದ್ದ ಶೆಟ್ಟರಿಗೆ ಒಪೆರಾದ ಕತೆ ಹೇಳುತ್ತ, ಒಂದೇ ಶಾಲಿನೊಳಗೆ ಇಬ್ಬರೂ ಕುಳಿತದ್ದನ್ನು ರಸವತ್ತಾಗಿ ವರ್ಣಿಸುತ್ತಿದ್ದೆ. ಮೇಘಾ ನಡುವೆ ಬಾಯಿ ಹಾಕಿದಳು: "ನೋ ಅಮ್ಮಾ. ಶಾಲು ಆವತ್ತು ಸೋಫಾ ಮ್ಯಾಲೆ ಬಿಟ್ಟು ಹೋಗಿದ್ದಿ. ನಾನೇ ಹೊದ್ಕೊಂಡು ಮಲಗಿದ್ದೆ."

"ಹಂಗಾದ್ರ ನಾ ಹೊದ್ದದ್ದು ಏನು?"

"ನನ್ನ ಕೋಟು," ಎಂದರು ನಮ್ಮವರು, ಸಾರಿಗೆ ಕೈ ಚಾಚುತ್ತ. "ಮರುದಿನ ನನಗ ನೆಗಡಿ ಬಂದದ್ದೂ ಮರತೀ?"

ಅಂದಿನ ಡೈರಿ ತೆಗೆದು ನೋಡಿದೆ. ಸಂಗೀತ, ವೇಷಭೂಷಣ, ದೀಪವಿನ್ಯಾಸಗಳ ಬಗೆಗೆ ವಿದ್ವತ್ಪೂರ್ಣವಾದ ನಾಲ್ಕು ಪುಟಗಳಿವೆ. ಶಾಲೂ ಇಲ್ಲ, ಕೋಟೂ ಇಲ್ಲ, ನೆಗಡಿಯೂ ಇಲ್ಲ. ನೆನಪು ಬೆಚ್ಚಗಿದ್ದುದನ್ನು ಉಳಿಸಿಕೊಂಡು ಬಟ್ಟೆಯನ್ನು ಬದಲಿಸಿತ್ತು. ಕೊಟ್ಟವರು ನಡುಗುತ್ತಿದ್ದುದನ್ನು ಪೂರ್ತಿ ಕೈಬಿಟ್ಟಿತ್ತು. ನನ್ನ ಕತೆಯಲ್ಲಿ ಇಬ್ಬರೂ ಬೆಚ್ಚಗಿದ್ದೆವು. ನಿಜದಲ್ಲಿ ಒಬ್ಬರು ಮಾತ್ರ, ಆ ಒಬ್ಬಳು ನಾನು.

ನಿನ್ನೆ ಶುಕ್ರವಾರ ಒಂದು ಸಂಗೀತ ಕಚೇರಿಗೆ ಹೊರಟೆವು. ಹೊರಗೆ ಬೆಂಕಿಯಂಥ ಗಾಳಿ. ಚೀಲದಲ್ಲಿದ್ದ ಶಾಲನ್ನು ಹೊರತೆಗೆದು, ಮಡಿಸಿ, ಮೇಘಾಳ ಕುರ್ಚಿಯ ಮೇಲಿಟ್ಟೆ. ಬಾಗಿಲಲ್ಲಿ ನಮ್ಮವರು ಕೇಳಿದರು, "ಶಾಲು ತಗೊಂಡಿ?"

"ಅಯ್ಯ, ಮರತೇ ಬಿಟ್ಟೆ," ಎಂದೆ.

ಅವರು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. ಒಳಗೆ ಹೋಗಿ ಮದುವೆಯ ಕೋಟು ತಂದರು. ಇನ್ನೊಂದು ಕೈಯಲ್ಲಿ, ತಮಗೆಂದು, ಅವರ ಚಳಿಗಾಲದ ಸ್ವೆಟರು ಇತ್ತು.